ತಪಸ್ಸುಕಾಲದ ಕಾಮಾಲೆ

ನಾನು ಮಂಡ್ಯದ ಕಾಲೇಜಿಗೆ ಸೇರಿದಾಗ, ಅಲ್ಲಿ ನನ್ನ ವಿಶ್ವಾಸ ಎಲ್ಲಿ ಸಡಿಲವಾಗುತ್ತದೋ ಎಂಬ ಚಿಂತೆ ಮಳವಳ್ಳಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು, ನನ್ನೊಬ್ಬನನ್ನು ಬಿಟ್ಟು. ತರಗತಿಯಲ್ಲಿ ನಾನೊಬ್ಬನೇ ಕ್ರೈಸ್ತ. ಆದರೇನು? ಭಾನುವಾರದ ಪೂಜೆ ತಪ್ಪಿಸದವನು ನಾನು. ಇಡೀ ಕಾಲೇಜಿಗೆ ನಾನೇ ಮಾದರಿಯಾಗಬೇಕೆಂಬುದು ನನ್ನ ಯೋಜನೆ. ಕಾಲೇಜಿಗೆ ಈ ವಿಷಯ ತಿಳಿದಿರಲಿಲ್ಲ.

ಆ ವರ್ಷ, ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ, ಹಬ್ಬ ಬರುವತನಕ ಮಾಂಸ ಮುಟ್ಟುವುದಿಲ್ಲವೆಂದು ಅಮ್ಮನೆದುರು ಘೋಷಿಸಿದೆ. ಅದರ ಮೊದಲ ದಿನವಾದ ಬೂದಿ ಬುಧವಾರ ಬೆಳಿಗ್ಗೆ ಚರ್ಚಿನಲ್ಲಿ ಫಾದರ್ ಹಣೆಗೆ ಬೂದಿಯಲ್ಲಿ ಶಿಲುಬೆ ಇಟ್ಟರು. ಅದನ್ನು ಹೊತ್ತುಕೊಂಡು, ಇವತ್ತು ನಾಲ್ಕು ಜನಕ್ಕೆ ನನ್ನ ವಿಶ್ವಾಸದ ಸಾಕ್ಷಿಯಾಗುತ್ತೇನೆಂದು ಬಸ್ ಹತ್ತಿದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಬೆವರಿ, ಒರೆಸಿಕೊಂಡು, ಮಂಡ್ಯದಲ್ಲಿ ಇಳಿಯುವಷ್ಟರಲ್ಲಿ ಶಿಲುಬೆ ಹೋಗಿ ಅಡ್ಡಪಟ್ಟೆಯಾಗಿತ್ತು.

ಗೇಟಿನಲ್ಲೇ ಸಿಕ್ಕಿದ ಮನು ನನ್ನ ಹಣೆ ನೋಡಿ, "ಮಾದಪ್ಪನ ಬೆಟ್ಟಕ್ಕೆ ಓಗಿದ್ದೇನ್ಲಾ? ಪ್ರಸಾದ ಎಲ್ಲಿ?" ಎಂದು ಕೈ ಚಾಚಿದ.

ಮನು ಮಂಡ್ಯದ ಹತ್ತಿರದ ಕೊಪ್ಪದವನು, ನನ್ನ ಪಕ್ಕದಲ್ಲೇ ಕೂರುವವನು. ಅವನಿಗೆ ವಿವರಿಸಬೇಕೆಂದು ಬಾಯಿ ತೆರೆದೆ. ಗಂಟೆ ಹೊಡೆಯಿತು. ಇನ್ನೊಮ್ಮೆ ಹೇಳಿದರಾಯಿತೆಂದು ನಕ್ಕು ತರಗತಿಗೆ ನಡೆದೆ. ಸಾಕ್ಷಿ ಮುಂದಕ್ಕೆ ಹೋಯಿತು.

ಮುಂದಿನ ವಾರವೇ ಮನುವಿನ ಅಕ್ಕನ ಮಗುವಿಗೆ ನಾಮಕರಣ. ಬರದಿದ್ದರೆ ಮಾತು ಬಿಡುತ್ತೇನೆಂದ. ಹೋದೆ. ಶಾಮಿಯಾನದ ಕೆಳಗೆ ಸಾಲಾಗಿ ಎಲೆ ಹಾಕಿದ್ದರು. ಮುದ್ದೆ ಬಂತು, ಹಿಂದೆಯೇ ಮಟನ್ ಸಾರು, ಬೋಟಿ ಗೊಜ್ಜು. ನಾನು ಎರಡು ಕೈಯಲ್ಲೂ ಎಲೆ ಮುಚ್ಚಿಕೊಂಡೆ. ಬಡಿಸುವವರು ನಿಂತರು, ಸಾಲೆಲ್ಲ ನನ್ನ ಕಡೆ ತಿರುಗಿತು. ಇದೇ ಆ ಸಮಯ, ಹೇಳಿಬಿಡು ಎಂದು ನನ್ನ ಆತ್ಮಸಾಕ್ಷಿ ಹೇಳಿತು. ನಾಲಿಗೆ ಒಪ್ಪಲಿಲ್ಲ.

"ಉಸಾರಿಲ್ವೇನ್ಲಾ?" ಎಂದ ಮನು.

ನಾನು ತಲೆಯಾಡಿಸಿದೆ.

"ಮಾಂಸ ತಿನ್ನಂಗಿಲ್ಲ ಅಂದ್ರೆ... ಕಾಮಾಲೆನಾ?"

ಅದಕ್ಕೂ ತಲೆಯಾಡಿಸಿದೆ. ಕಾಯಿಲೆಯನ್ನು ಅವನೇ ಹುಡುಕಿಕೊಟ್ಟಿದ್ದ. ಒಪ್ಪಿಕೊಂಡದ್ದಷ್ಟೇ ನಾನು.

ಸುದ್ದಿ ಒಳಮನೆ ಮುಟ್ಟಿ, ಮನುವಿನ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಂದರು. ನನ್ನ ಗಲ್ಲ ಹಿಡಿದೆತ್ತಿ, ರೆಪ್ಪೆ ಎಳೆದು ನೋಡಿ, ಅರಿಶಿಣಕ್ಕಿಂತ ಹಳದಿಯಾಗಿದೆ ಎಂದು ತೀರ್ಪು ಕೊಟ್ಟರು. ಪಕ್ಕದ ಎಲೆಯವರು ಎಲೆ ಸಮೇತ ಎದ್ದು ಇನ್ನೊಂದು ಸಾಲಿಗೆ ಹೋದರು. ಆಮೇಲೆ ಬಂದವರೆಲ್ಲ ಮಗುವನ್ನು ನೋಡಿ, ನಂತರ ನನ್ನ ಕಣ್ಣು ನೋಡಿ ಹೋಗತೊಡಗಿದರು. ಅಜ್ಜಿ ಹಿತ್ತಿಲಿನಿಂದ ನೆಲನೆಲ್ಲಿ ಕಿತ್ತು ತಂದು, ಅರೆದು, ಮಜ್ಜಿಗೆಗೆ ಕದಡಿ ದೊಡ್ಡ ಲೋಟದ ತುಂಬ ಕೊಟ್ಟರು. ಊರೆಲ್ಲ ಬೋಟಿ ತಿನ್ನುವಾಗ ನಾನು ಕಣ್ಣು ಮುಚ್ಚಿ ಆ ಕಹಿಯನ್ನು ಕುಡಿದೆ. ಮೇಲೆ ಉಪ್ಪಿಲ್ಲದ ಗಂಜಿ. ಇಷ್ಟು ಕಠಿಣವಾದ ತಪಸ್ಸನ್ನು ಫಾದರ್ ಕೂಡ ಹೇಳಿರಲಿಲ್ಲ.

ಎರಡನೆಯ ಲೋಟ ಬಾಯಿಗಿಟ್ಟಿದ್ದೆ, ಅಮ್ಮನ ಫೋನ್ ಬಂತು. ನನ್ನ ಕೈ ಖಾಲಿಯಿಲ್ಲವೆಂದು ಮನುವೇ ಎತ್ತಿ, ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಹಾಕಿದ. ಗಾಬರಿಯಾಗಬೇಡಿ, ಕಾಮಾಲೆಗೆ ನಮ್ಮಜ್ಜಿ ಔಷಧಿ ಕೊಡುತ್ತಿದ್ದಾರೆ ಎಂದು ಧೈರ್ಯ ಹೇಳಿದ.

"ಕಾಮಾಲೆನಾ? ಅವನಿಗ್ಯಾಕಪ್ಪ ಕಾಮಾಲೆ?" ಅಮ್ಮನ ದನಿ ಶಾಮಿಯಾನಕ್ಕೆಲ್ಲ ಕೇಳಿಸಿತು. "ಈಸ್ಟರ್ ಗಂಟ ಮಾಂಸ ಮುಟ್ಟಾಕಿಲ್ಲ ಅಂತ ಯೇಸುಸ್ವಾಮಿಗೆ ಮಾತು ಕೊಟ್ಟವ್ನೆ. ಹೇಳ್ಲಿಲ್ವಾ?"

ಬಡಿಸುವವರ ಸೌಟು ನಿಂತಿತು. ಅಜ್ಜಿ ನನ್ನ ಕೈಯಿಂದ ಲೋಟ ಕಿತ್ತುಕೊಂಡರು.

"ಅಷ್ಟು ಯೋಳಕ್ಕೆ ಬಾಯಿಗೇನಾಗಿತ್ತು ಮಗ? ನಾನು ಸೋಮವಾರ ಒಪ್ಪತ್ತು ಮಾಡಾಕಿಲ್ವಾ? ದೇವ್ರಿಗೆ ಅಂತ ಬುಟ್ಟಿದ್ನ ತಿನ್ನು ಅಂತ ಯಾರಾದ್ರೂ ಅಂದಾರಾ?"

ಅಜ್ಜಿ ಮಾಂಸದ ಪಾತ್ರೆ ಸೋಕದಂತೆ ಬೇರೆ ಒಲೆಯಲ್ಲಿ ಸೊಪ್ಪಿನ ಸಾರು ಮಾಡಿ, ಎದುರಿಗೆ ಕೂತು ಉಣ್ಣಿಸಿದರು. ಹೊರಡುವಾಗ ಮನುವಿಗೆ, ಇವನ ವ್ರತ ಕೆಡದಂತೆ ನೋಡಿಕೋ ಎಂದು ಅಪ್ಪಣೆಯಾಯಿತು.

ಅಲ್ಲಿಂದ ನನ್ನ ಕಷ್ಟ ಶುರು. ನಾನು ಮೊಟ್ಟೆ ಪಫ್ಸ್ ಕಡೆ ನೋಡಿದರೂ ಮನು ಕೆಮ್ಮುತ್ತಿದ್ದ. ಶುಕ್ರವಾರ ಬಂದರೆ, ಇವತ್ತು ನಿಮ್ಮ ಉಪವಾಸ ಅಲ್ಲವಾ ಎಂದು ಅವನೇ ನೆನಪಿಸುತ್ತಿದ್ದ. ಅಮ್ಮನ ನಂಬರ್ ಬೇರೆ ಅವನಿಗೆ ಸಿಕ್ಕಿತ್ತು. ದಿನದ ವರದಿ ಮಳವಳ್ಳಿಗೆ ಹೋಗುತ್ತಿತ್ತು. ಒಂದು ಸಂಜೆ ಬಸ್ ನಿಲ್ದಾಣದ ಬಳಿ ಕಬಾಬ್ ಕರಿಯುವ ವಾಸನೆಗೆ ನನ್ನ ಸಂಕಲ್ಪ ಕರಗಿತು. ಸುತ್ತಮುತ್ತ ನೋಡಿ ಒಂದು ಪ್ಲೇಟ್ ಹೇಳಿದೆ. ಪ್ಲೇಟ್ ಬಂತು, ಜೊತೆಗೆ ಮನುವೂ ಬಂದ.

"ಬ್ಯಾಡ ಕಣ್ಲಾ. ಅಜ್ಜಿಗೆ ಏನಂತ ಯೋಳ್ಲಿ?" ಎಂದು ಬಹಳ ದುಃಖದಿಂದ ಹೇಳಿ, ನನ್ನ ಎದುರೇ ಕಬಾಬನ್ನೆಲ್ಲ ತಿಂದು ಮುಗಿಸಿದ. ನಿಂಬೆಹಣ್ಣು ಕೂಡ ಬಿಡಲಿಲ್ಲ.

ಹೀಗೆ ನನ್ನ ವ್ರತ ನಿರ್ವಿಘ್ನವಾಗಿ ನೆರವೇರಿತು. ಈಸ್ಟರ್ ಕಳೆದ ಮೇಲೆ ಚರ್ಚಿನಲ್ಲಿ ಯುವಜನರ ಸಭೆ ನಡೆಯಿತು. ಕಾಲೇಜಿನಲ್ಲಿ ವಿಶ್ವಾಸ ಗಟ್ಟಿಯಾಗಿ ಉಳಿಸಿಕೊಳ್ಳುವುದು ಹೇಗೆಂದು ಅನುಭವ ಹೇಳಲು ಫಾದರ್ ನನ್ನನ್ನೇ ಕರೆದರು. ನಾನು ಎದ್ದು ನಿಂತು ಪ್ರಾರ್ಥನೆ, ಆತ್ಮಸಂಯಮ, ಎದೆಗುಂದದ ಸಾಕ್ಷಿ, ಈ ಮೂರರ ಮೇಲೆ ಸಾಕಷ್ಟು ಹೊತ್ತು ಮಾತಾಡಿದೆ. ಒಳ್ಳೆಯ ಚಪ್ಪಾಳೆ ಬಿತ್ತು.

ಹಿಂದೆ ಕೂತಿದ್ದ ಅಮ್ಮ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ಫಾದರ್ ಅದನ್ನು ಆನಂದಬಾಷ್ಪವೆಂದು ತಿಳಿದು, ಇಂಥ ಮಗನನ್ನು ಪಡೆದ ತಾಯಿ ಧನ್ಯಳು ಎಂದರು. ಅಮ್ಮನ ಭುಜ ಇನ್ನೂ ಜೋರಾಗಿ ಕುಲುಕತೊಡಗಿತು. ನಾನು ನೆಲ ನೋಡುತ್ತ ಕೂತೆ.