ಯಾರನ್ನೂ ಸೋಲಿಸದ ಪೀಟಿ ಮಾಸ್ತರು

ನಮ್ಮ ಸೋದರಮಾವ ಇಪ್ಪತ್ತು ವರ್ಷದಿಂದ ಪೀಟಿ ಮಾಸ್ತರು. ಇವತ್ತಿನವರೆಗೆ ಶಾಲೆಗೆ ಒಂದೇ ಒಂದು ಕಪ್ ತಂದುಕೊಟ್ಟಿಲ್ಲ. ಇದನ್ನವರು ತಲೆ ತಗ್ಗಿಸಿ ಹೇಳುತ್ತಾರೆ ಅಂದುಕೊಂಡಿರಾ? ಎದೆಯುಬ್ಬಿಸಿ ಹೇಳುತ್ತಾರೆ!

ಎದುರಾಳಿ ಇದ್ದರೆ ಅದು ಆಟವಲ್ಲ, ಜಗಳ ಎನ್ನುವುದು ಅವರ ವಾದ. ಬೆಟಗೇರಿಯ ನಮ್ಮ ಮನೆಗೆ ಬಂದರೆ ಕೇರಂ ಬೋರ್ಡಿಗೂ ಅದೇ ಕಾನೂನು: ನಾಲ್ವರೂ ಒಂದೇ ಪಕ್ಷ, ಕರಿ-ಬಿಳಿ ಎಲ್ಲ ಕಾಯಿಗಳೂ ಒಳಗೆ ಬಿದ್ದರೆ ಎಲ್ಲರೂ ಗೆದ್ದಂತೆ. ಒಂದೇ ಏಟಿಗೆ ರಾಣಿಯನ್ನು ಹಾಕಿದ ನಮ್ಮಪ್ಪ ಗೋಳಾಡಿದರು: "ಅಲ್ಲೋ ಮಾರಾಯಾ, ಎಲ್ಲಾರೂ ಗೆದ್ರ ನಾ ಯಾರ ಮುಂದ ಮೀಸಿ ತಿರುವ್ಲಿ?"

ಕಳೆದ ವರ್ಷ ಲಕ್ಷ್ಮೇಶ್ವರಕ್ಕೆ ಹೋದವನು ಶಿಗ್ಲಿ ಕಡೆಯ ಅವರ ಶಾಲೆಗೂ ಹೋದೆ. ಮೈದಾನದಲ್ಲಿ ಮೂವತ್ತು ಮಕ್ಕಳು ಅತ್ತೆಯ ಹಳೆಯ ಇಳಕಲ್ ಸೀರೆಯ ಅಂಚು ಹಿಡಿದು, ಮೇಲೊಂದು ಚೆಂಡು ಕುಣಿಸುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರು ಮಾವನನ್ನು ಕೇಳಿದರು:

"ಯಾರು ಗೆದ್ರು?"

"ಎಲ್ಲಾರೂ ಗೆದ್ದಾರ್ರಿ."

"ಮತ್ತ ಸೋತಾವ್ರು?"

"ಚೆಂಡು ಸೋತತ್ರಿ ಸಾಹೇಬ್ರ. ನೂರು ಸಲ ಹಾರಿಸಿದ್ರೂ ನೆಲಾ ಮುಟ್ಟಾಕ ಆಗಲಿಲ್ಲ ಅದಕ್ಕ!"

ಸಾಹೇಬರು ನಕ್ಕರು. ಹೆಡ್‌ಮಾಸ್ತರರು ನಗಲಿಲ್ಲ. ಸಾಹೇಬರ ಜೀಪು ಗೇಟು ದಾಟಿದ ಮೇಲೆ ಮಾವನನ್ನೂ ಜೊತೆಗಿದ್ದ ನನ್ನನ್ನೂ ತಮ್ಮ ಕೋಣೆಗೆ ಕರೆದರು: "ಕಪಾಟು ಖಾಲಿ ಐತ್ರಿ. ಈ ಸಲ ತಾಲೂಕಿಗೆ ಕಬಡ್ಡಿ ಟೀಮು ಹೋಗಲಿಲ್ಲಂದ್ರ ನಿಮ್ಮ ಪಿರಿಯಡ್ ಗಣಿತದವ್ರಿಗೆ ಕೊಡ್ತೀನಿ."

ಮೊದಲ ಸಲ ಮಾವನ ಮುಖ ಬಾಡಿದ್ದು ಕಂಡೆ. ಮಕ್ಕಳು ಹೊರಗೆ ಇನ್ನೂ ಕಿರುಚಾಡುತ್ತಲೇ ಇದ್ದರು.

ಅಷ್ಟರಲ್ಲಿ ಒಬ್ಬ ಹೆಂಗಸು ಹೊಲದಿಂದ ನೇರ ಬಂದವರಂತೆ ಬಾಗಿಲಲ್ಲಿ ನಿಂತರು. "ಪೀಟಿ ಮಾಸ್ತರ ಯಾರ್ರಿ? ನಮ್ಮ ಸಾವಿತ್ರಿ ಮೊಣಕಾಲು ತರಚೇತಿ!"

ಸಾವಿತ್ರಿ ಏಳನೆಯ ಇಯತ್ತೆಯ ಹುಡುಗಿ. ಹುಟ್ಟಿನಿಂದ ಒಂದು ಕಾಲು ಸಣ್ಣದು. ಹಿಂದಿನ ದಿನ ಎಲ್ಲರೂ ಕೈ ಕೈ ಹಿಡಿದು, ಕೈ ಬಿಡದೆಯೇ ಸೈಕಲ್ ಟಯರಿನೊಳಗೆ ಒಬ್ಬೊಬ್ಬರಾಗಿ ತೂರುವ ಆಟ. ಅವಳು ಎಡವಿದ್ದಳು. ಕೈ ಬಿಡುವಂತಿಲ್ಲವಲ್ಲ, ಇಡೀ ಸಾಲೇ ಅವಳೊಂದಿಗೆ ಬಿದ್ದಿತ್ತು!

"ನೋಡ್ರಿ!" ಎಂದರು ಹೆಡ್‌ಮಾಸ್ತರರು. ಮಾವ ಕೈಮುಗಿದರು. "ತಪ್ಪಾತು ತಂಗಿ. ನಾ ಹತ್ರ ನಿಂದರಬೇಕಿತ್ತು."

"ತಪ್ಪು ಯಾಕ್ರಿ ಅಣ್ಣಾರ?" ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಓಣ್ಯಾಗಿನ ಮಕ್ಕಳೆಲ್ಲಾ ಮೊಣಕಾಲು ಕೆತ್ತಿಸಿಕೊಂಡು ಮನಿಗೆ ಬರತಿದ್ವು. ನನ್ನ ಕೂಸಿಂದು ಇಷ್ಟು ವರ್ಷ ಹೂವಿನಂಗ ಇತ್ರಿ. ಯಾರೂ ಆಟಕ್ಕ ಕರೀತಿರಲಿಲ್ಲ. ನಿನ್ನಿ ಬಂದು ಗಾಯ ತೋರಿಸಿ ನಕ್ಕಳ್ರಿ, 'ಯವ್ವಾ, ಎಲ್ಲಾರೂ ಕೂಡೇ ಬಿದ್ವಿ' ಅಂತ."

ಹೆಡ್‌ಮಾಸ್ತರರು ಮೇಜಿನ ಮೇಲಿನ ವೇಳಾಪಟ್ಟಿಯನ್ನು ಸುಮ್ಮನೆ ಅತ್ತಿತ್ತ ಸರಿಸಿದರು. "ಆತು, ಆ ಪಿರಿಯಡ್ ಹಂಗ ಇರ್ಲಿ ಬಿಡ್ರಿ" ಎಂದರು.

ಹೊರಗಿನಿಂದ ಸಾವಿತ್ರಿಯ ದನಿ ಬಂತು: "ಯವ್ವಾ, ಜಲ್ದಿ ಬಾ! ಇಲ್ಲೊಬ್ರು ಕಡಿಮಿ ಬಿದ್ದಾರ!"

ಆಕೆ ಮಾವನತ್ತ ನೋಡಿದರು. ಮಾವ ತಲೆಯಾಡಿಸಿದರು. ಆಕೆ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈದಾನಕ್ಕೆ ಓಡಿದರು.