ಥುಕ್ಬಾದಲ್ಲಿ ಇಪ್ಪತ್ತೆರಡು ಪ್ರಶ್ನೆಗಳು

ನನ್ನ ಪತಿ ಖಲೀಲುರ್ರಹ್ಮಾನರು ನನ್ನ ಮೇಲೆ ಹೊರಿಸಿರುವ ಆರೋಪ ಇದು: ಒಂದೇ ಶಬ್ದದಲ್ಲಿ ಮುಗಿಯಬಹುದಾಗಿದ್ದ ಉತ್ತರಕ್ಕೆ ನಾನು ಒಂಬತ್ತು ಗಂಟೆ ನಲವತ್ತು ನಿಮಿಷಗಳ ಧ್ವನಿಮುದ್ರಣ ಮಾಡಿದೆನಂತೆ. ಇದು ಶುದ್ಧ ಸುಳ್ಳು. ಧ್ವನಿಮುದ್ರಣ ಒಂಬತ್ತು ಗಂಟೆ ಐವತ್ತೆರಡು ನಿಮಿಷ.

ಪ್ರಶ್ನೆ ಹುಟ್ಟಿದ್ದು 2014ರ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ, ಸೌದಿಯ ಅಲ್ ಖೋಬರಿನ ಥುಕ್ಬಾದಲ್ಲಿ, ನಾನು ಎರಡನೆಯ ದೋಸೆಯನ್ನು ಕಾವಲಿಯಿಂದ ಎಬ್ಬಿಸುತ್ತಿದ್ದಾಗ.

"ಹಸೀನಾ, ನೀನೂ ಮಗುವೂ ಇಲ್ಲಿ ನಿಲ್ಲುವುದಾ, ಅಲ್ಲ ಊರಿನಲ್ಲೇ ಇರುವುದಾ? ಈ ತಿಂಗಳ ಇಪ್ಪತ್ತೈದರೊಳಗೆ ಹೇಳಿದ್ರೆ ಸಾಕು."

(ನಮ್ಮ ಮನೆಮಾತು ಬ್ಯಾರಿ. ಮಾತುಗಳನ್ನು ಕನ್ನಡಕ್ಕೆ ಇಳಿಸುವಾಗ ಅರ್ಥ ಕೆಡದಂತೆ ನೋಡಿಕೊಂಡಿದ್ದೇನೆ. ಆದರೆ ಅವರು ದೋಸೆ ಅಗಿಯುತ್ತ ಆಡಿದ ಮಾತಾದ್ದರಿಂದ ಮೂಲದಲ್ಲಿಯೇ ಸ್ವಲ್ಪ ಅಸ್ಪಷ್ಟತೆ ಇತ್ತು.)

ಅವರು ಎಂಟು ವರ್ಷಗಳಿಂದ ಇಲ್ಲಿನ ಒಂದು ಕಂಪೆನಿಯಲ್ಲಿ ಅಕೌಂಟೆಂಟ್. ನಾನು ನಾಲ್ಕು ವರ್ಷದ ಮಗ ಝಿಯಾದನನ್ನು ಕಟ್ಟಿಕೊಂಡು ಆಗಸ್ಟಿನಲ್ಲಿ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದವಳು. ಕಾಯಂ ಆಗಿ ನಿಲ್ಲಬೇಕಾದರೆ ಕಂಪೆನಿಯ ಕಾಗದಪತ್ರಗಳ ವ್ಯವಹಾರ ನೋಡುವ ಮಂದೂಬನ ಕೈಗೆ ಅರ್ಜಿ ಕೊಡಬೇಕು. ನಾವು ನವೆಂಬರಿನಲ್ಲಿ ಊರಿಗೆ ಮರಳಿ, ವೀಸಾ ಹೊಡೆಸಿಕೊಂಡು, ಏಪ್ರಿಲ್‌ನಲ್ಲಿ ಶಾಲೆ ಆರಂಭವಾಗುವ ಮೊದಲು ಪುನಃ ಬರಬೇಕು. ಆ ಮಂದೂಬನೋ ಇಪ್ಪತ್ತೈದನೇ ತಾರೀಕು ಗುರುವಾರ, ಮಧ್ಯಾಹ್ನದ ನಮಾಝ್ ಮುಗಿಸಿ ಹಜ್ಜಿಗೆ ಹೊರಡುವವನು. ಅವನು ಮರಳಿ, ರಜೆಗಳೆಲ್ಲ ಮುಗಿದು, ಕಾಗದ ಮುಂದೆ ಚಲಿಸುವಷ್ಟರಲ್ಲಿ ಶಾಲೆಯಲ್ಲಿ ಸೀಟು ಇರುವುದಿಲ್ಲ.

ಇಷ್ಟು ಸರಳವೆಂದು ಗಂಡಸರಿಗೆ ಕಾಣುತ್ತದೆ. ನಾನು ಇತಿಹಾಸದಲ್ಲಿ ಸ್ನಾತಕೋತ್ತರ ಪದವೀಧರೆ. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ದುಡಿದ ಹಿರಿಯ ಹೆಂಗಸರ ನೆನಪುಗಳನ್ನು ದಾಖಲಿಸುವ ಕೆಲಸ ನನ್ನದು. ಅರುವತ್ತು ಮಂದಿಯಲ್ಲಿ ನಲವತ್ತೊಂದು ಮಂದಿಯ ಮಾತು ಮುಗಿದಿತ್ತು. ಉಳಿದ ಹತ್ತೊಂಬತ್ತು ಮಂದಿ ಎಂಬತ್ತು ದಾಟಿದವರು. ನನ್ನ ಸಂಸಾರದ ತೀರ್ಮಾನಕ್ಕಾಗಿ ಕಾದು ಕುಳಿತುಕೊಳ್ಳಿರೆಂದು ಅವರಲ್ಲಿ ಹೇಳುವಂತಿರಲಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಝಿಯಾದನಿದ್ದ. ಅವನ ಪಾಲಿಗೆ ತಂದೆಯೆಂದರೆ ಬಹುಕಾಲ ಐದು ಇಂಚು ಉದ್ದದ ವ್ಯಕ್ತಿ. ಊರಿನಲ್ಲಿ ಮೊಬೈಲಿಗೆ ಸಲಾಂ ಹೇಳಿ, ತಾನು ತಿನ್ನುತ್ತಿದ್ದ ಬಾಳೆಹಣ್ಣನ್ನು ಅದರ ಗಾಜಿಗೆ ಮೆತ್ತುತ್ತಿದ್ದ. ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ನನ್ನ ಅಬಾಯದ ಹಿಂದೆ ಅಡಗಿ, "ಉಮ್ಮ, ಉಪ್ಪ ಇಷ್ಟು ದೊಡ್ಡ ಉಂಟಾ?" ಎಂದು ಕೇಳಿದ್ದ. ಈಗ ಮಲಗುವಾಗ ಆ ದೊಡ್ಡ ಉಪ್ಪನ ಕುತ್ತಿಗೆಯ ಮೇಲೆ ಒಂದು ಕಾಲು ಹಾಕದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಉಪ್ಪನಿಗೆ ಉಸಿರು ಬರುವುದಿಲ್ಲ. ಆದರೂ ಅವರು ಆ ಕಾಲನ್ನು ಸರಿಸಿದ್ದನ್ನು ನಾನು ಕಂಡಿಲ್ಲ.

ಇಂಥ ವಿಷಯದಲ್ಲಿ ಮನಸ್ಸಿನ ಮಾತು ಕೇಳುವುದು ಅವೈಜ್ಞಾನಿಕ. ಮಗುವಿನೊಡನೆ ಇಲ್ಲಿ ನೆಲೆಸಿದ ಹೆಂಗಸರ ಅನುಭವವನ್ನು ಸಂಗ್ರಹಿಸಿ, ವಿಶ್ಲೇಷಿಸಿ, ಅನಂತರವೇ ನಿರ್ಣಯಕ್ಕೆ ಬರತಕ್ಕದ್ದೆಂದು ನಾನು ಘೋಷಿಸಿದೆ.

"ಯಾವ ಹೆಂಗಸರು?" ಎಂದರು ಪತಿ.

"ನಮ್ಮ ಕಟ್ಟಡದವರು, ಎದುರಿನ ಕಟ್ಟಡದವರು. ಒಂಬತ್ತು ಮಂದಿ."

"ನಾನು ಹತ್ತನೆಯವನಾಗಿ ಒಂದು ಮಾತು ಹೇಳಬಹುದಾ?"

"ನೀವು ಹಿತಾಸಕ್ತಿ ಉಳ್ಳವರು. ನಿಮ್ಮ ಹೇಳಿಕೆ ಪರಿಗಣನೆಗೆ ಬರುವುದಿಲ್ಲ."

ಹಿತಾಸಕ್ತಿ ಉಳ್ಳವರು ತಮ್ಮ ದೋಸೆಯ ತಟ್ಟೆಯನ್ನು ತಾವೇ ತೊಳೆದಿಟ್ಟು ಆಫೀಸಿಗೆ ಹೋದರು.

ಇಪ್ಪತ್ತೆರಡು ಪ್ರಶ್ನೆಗಳನ್ನು ಸಿದ್ಧಪಡಿಸಿದೆ. ಮೌಖಿಕ ಇತಿಹಾಸದ ನಿಯಮದಂತೆ ಮಾತು ಸುಲಭವಾದ ವಿಷಯದಿಂದ ಆರಂಭವಾಗಬೇಕು: ಹುಟ್ಟೂರು, ತಂದೆಯ ಮನೆತನ, ಯಜಮಾನರ ಉದ್ಯೋಗ, ಮಕ್ಕಳೆಷ್ಟು, ಪ್ರಾಯವೆಷ್ಟು, ಎಲ್ಲಿಯವರೆಗೆ ಓದು. ಕಷ್ಟದ ಪ್ರಶ್ನೆಗಳು (ಇಲ್ಲಿ ಒಂಟಿತನ ಕಾಡುತ್ತದೆಯೇ, ಬಂದದ್ದಕ್ಕೆ ಪಶ್ಚಾತ್ತಾಪವಿದೆಯೇ) ಹದಿನಾಲ್ಕರ ಅನಂತರ. ಸಂದರ್ಶಕಿ ತನ್ನ ಉದ್ದೇಶವನ್ನು ವಿವರವಾಗಿ ಹೇಳಿದರೆ ಉತ್ತರಗಳು ವಾಲುತ್ತವೆ; ಆದ್ದರಿಂದ "ಇಲ್ಲಿ ನಿಲ್ಲುವುದಾ ಬೇಡವಾ ಅಂತ ನೋಡ್ತಾ ಇದ್ದೇನೆ" ಎಂಬ ಒಂದೇ ವಾಕ್ಯ ಸಾಕೆಂದು ನಿಶ್ಚಯಿಸಿದೆ.

ಮೊದಲನೆಯವರು ಮೂರನೇ ಮಹಡಿಯ ಆಯಿಶತ್. ಹದಿನೇಳು ವರ್ಷಗಳಿಂದ ಇಲ್ಲಿರುವವರು. ಎ.ಸಿ.ಯ ಸದ್ದು ಧ್ವನಿಮುದ್ರಣಕ್ಕೆ ಅಡ್ಡಿಯೆಂದು ಅದನ್ನು ಆರಿಸುವಂತೆ ವಿನಂತಿಸಿದೆ. ಸೆಪ್ಟೆಂಬರ್ ತಿಂಗಳಲ್ಲಿ ಥುಕ್ಬಾದಲ್ಲಿ ಎ.ಸಿ. ಆರಿಸಲು ಒಪ್ಪುವವರು ಒಂದೋ ಸಂತರು, ಇಲ್ಲವೇ ಏನನ್ನೋ ನಿರೀಕ್ಷಿಸುವವರು. ಇದು ನನಗೆ ಆಗ ಹೊಳೆಯಲಿಲ್ಲ.

"ಮಕ್ಕಳೆಷ್ಟು ಮಂದಿ?"

"ಒಬ್ಬಳೇ, ಶಹನಾಝ್. ಇಪ್ಪತ್ತೊಂದು. ಬಿ.ಕಾಂ. ಪರೀಕ್ಷೆಗೆ ಕಟ್ಟಿದ್ದಾಳೆ. ಅಡುಗೆ ಎಲ್ಲ ಅವಳದ್ದೇ. ಇದು ಅವಳು ಮಾಡಿದ ಸಮೋಸ, ತಗೋ."

"ಇಲ್ಲಿ ಮಗುವನ್ನು ಬೆಳೆಸುವುದು ಕಷ್ಟ ಅನಿಸಿದೆಯಾ?"

"ಎಂತ ಕಷ್ಟ? ನಮ್ಮ ಶಹನಾಝ್ ಚಿಕ್ಕಂದಿನಿಂದಲೇ ಪಾಪ. ಒಂದು ದಿನ ಎದುರು ಮಾತಾಡಿದವಳಲ್ಲ."

"ಪಶ್ಚಾತ್ತಾಪ?"

"ಅಲ್‌ಹಮ್ದುಲಿಲ್ಲಾಹ್, ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ."

ಈ ನಡುವೆ ಶಹನಾಝ್ ಮೂರು ಸಲ ಬಂದಳು. ಒಮ್ಮೆ ಸಮೋಸ, ಒಮ್ಮೆ ಸುಲೈಮಾನಿ ಚಹಾ, ಒಮ್ಮೆ ಏನೂ ಇಲ್ಲದ ಟ್ರೇ. ಮೂರು ಸಲವೂ ಬೇರೆ ಬೇರೆ ದುಪ್ಪಟ್ಟಾ ಹೊದ್ದಿದ್ದಳು. ಬೆವರಿನಿಂದಾಗಿ ಬದಲಿಸುತ್ತಿರಬಹುದೆಂದು ಟಿಪ್ಪಣಿ ಬರೆದುಕೊಂಡೆ.

ಎದುರಿನ ಕಟ್ಟಡದ ಬೀಫಾತಿಮಾ ಮಾಮಿಯದ್ದು ಇನ್ನೂ ವಿಚಿತ್ರ. ನನ್ನ ಪ್ರಶ್ನೆಗೆ ಉತ್ತರಿಸುವ ಬದಲು ಅವರೇ ಕೇಳಿದರು.

"ಆಯಿಶತಳ ಮನೆಗೆ ಹೋಗಿದ್ದೀಯಂತೆ?"

"ಯಾರ ಮನೆಗೆ ಹೋದದ್ದು ಅಂತ ಹೇಳ್ಲಿಕ್ಕಿಲ್ಲ ಮಾಮಿ. ಅದು ಗುಟ್ಟಾಗಿ ಇರಬೇಕು."

"ಅದು ಸರಿ, ಅದು ಸರಿ. ಎಲ್ಲ ಮನೆ ನೋಡಿಯೇ ತೀರ್ಮಾನ ಮಾಡುವುದಲ್ವಾ?"

"ಹೌದು. ಅವಸರ ಮಾಡಿದ್ರೆ ಒಂದು ಜೀವನದ ಪ್ರಶ್ನೆ."

ಮಾಮಿ ಕಣ್ಣೊರೆಸಿಕೊಂಡರು. ಇಷ್ಟು ಜವಾಬ್ದಾರಿಯ ಹುಡುಗಿಯರು ಈಗಿನ ಕಾಲದಲ್ಲಿ ಇಲ್ಲವೆಂದು ಹೇಳಿ, ತಮ್ಮ ಮೊಮ್ಮಗಳು ಹೆಣೆದ ಟೇಬಲ್ ಕ್ಲಾತನ್ನು ನನ್ನ ಮಡಿಲಿಗೆ ಹಾಕಿದರು. ಮಾಹಿತಿದಾರರಿಂದ ಉಡುಗೊರೆ ಪಡೆಯುವುದು ನಿಯಮಬಾಹಿರವೆಂದು ಹಿಂತಿರುಗಿಸಿದೆ. ಅವರ ಮುಖ ಕಪ್ಪಿಟ್ಟಿತು. (ಟಿಪ್ಪಣಿ: ಹಿರಿಯರಲ್ಲಿ ಭಾವುಕತೆ ಹೆಚ್ಚು.)

ಇಪ್ಪತ್ತನಾಲ್ಕನೇ ತಾರೀಕು ಬುಧವಾರ ಸಂಜೆ ವರದಿ ಮಂಡಿಸಿದೆ. ಪತಿ ಸೋಫಾದಲ್ಲಿ, ಝಿಯಾದ್ ಅವರ ಹೆಗಲ ಮೇಲೆ.

"ಒಂಬತ್ತರಲ್ಲಿ ಒಂಬತ್ತು ಮಂದಿಯೂ ಇಲ್ಲಿ ಪರಮ ಸುಖದಲ್ಲಿದ್ದಾರೆ. ಒಬ್ಬರಿಗೂ ಒಂಟಿತನವಿಲ್ಲ, ಮಕ್ಕಳಲ್ಲಿ ಹಟವಿಲ್ಲ, ಅತ್ತೆ-ಸೊಸೆಯರಲ್ಲಿ ಜಗಳವಿಲ್ಲ. ಇಂಥ ಸರ್ವಸಮ್ಮತಿಯನ್ನು ನನ್ನ ವೃತ್ತಿಜೀವನದಲ್ಲಿ ಕಂಡಿಲ್ಲ."

"ಹಾಗಾದ್ರೆ ನಿಲ್ಲುವುದು?" ಎಂದು ಅವರು ಸೋಫಾದ ತುದಿಗೆ ಸರಿದರು.

ಆಗಲೇ ಅವರ ಮೊಬೈಲು ಬಡಿದುಕೊಂಡಿತು. ಆಯಿಶತರ ಗಂಡ ಮಹಮ್ಮದ್ ಕುಂಞಿಯವರು. ಗಟ್ಟಿ ಗಂಟಲಿನವರಾದ್ದರಿಂದ ಅವರ ಮಾತು ಕೋಣೆಗೆಲ್ಲ ಕೇಳುತ್ತಿತ್ತು.

"ಖಲೀಲ್, ನೀನು ಹೇಳದಿದ್ರೂ ನಮಗೆ ಗೊತ್ತಾಯ್ತು ಮಾರಾಯ. ಹುಡುಗ ಯಾರು? ಹಸೀನಾಳ ತಮ್ಮನಾ, ಅಲ್ಲ ನಿನ್ನ ಕಡೆಯವನಾ? ಎಂತ ಕೆಲಸ? ನಮಗೆ ಹುಡುಗನ ಗುಣ ಮುಖ್ಯ. ಬೀಫಾತಿಮಾ ಮಾಮಿಯ ಮೊಮ್ಮಗಳನ್ನು ಬೇಡ ಅಂದ್ರಂತೆ, ಟೇಬಲ್ ಕ್ಲಾತು ವಾಪಸು ಕೊಟ್ರಂತೆ, ಹಾಗಾದ್ರೆ ನಮ್ಮದೇ ಅಂತ ಇವಳು ಹೇಳ್ತಾ ಇದ್ದಾಳೆ."

ಫೋನು ಇಟ್ಟ ಮೇಲೆ ನನ್ನ ಪತಿ ಸೋಫಾದಿಂದ ನೆಲಕ್ಕೆ ಜಾರಿ, ಅಲ್ಲಿಯೇ ಕುಳಿತು ನಕ್ಕರು. ಝಿಯಾದನಿಗೆ ಕಾರಣ ತಿಳಿಯದಿದ್ದರೂ ಉಪ್ಪನಿಗೆ ಬೆಂಬಲವಾಗಿ ನಕ್ಕ. ನಾನು ನಗಲಿಲ್ಲ. ಮನೆತನ, ಪ್ರಾಯ, ಓದು, ಉದ್ಯೋಗ ಎಂದು ಮನೆಮನೆಗೆ ಹೋಗಿ ಕೇಳುವವರನ್ನು ನಮ್ಮವರು ಸಂಶೋಧಕಿ ಎಂದು ಕರೆಯುವುದಿಲ್ಲ, ಮದುವೆಯ ದಲ್ಲಾಳಿ ಎಂದು ಕರೆಯುತ್ತಾರೆ. ನನ್ನ ಒಂಬತ್ತು ಗಂಟೆ ಐವತ್ತೆರಡು ನಿಮಿಷಗಳ ದಾಖಲೆಯು ಹೆಣ್ಣಿನ ಕಡೆಯವರ ಪ್ರಶಂಸಾಪತ್ರಗಳ ಸಂಗ್ರಹವಾಗಿತ್ತು.

"ಆಧಾರವೆಲ್ಲ ಅಸಿಂಧು," ಎಂದೆ. "ಇದರ ಮೇಲೆ ನಿರ್ಣಯ ಸಾಧ್ಯವಿಲ್ಲ. ಊರಿಗೆ ಹೋಗಿ, ಹೊಸ ಪ್ರಶ್ನಾವಳಿ ಮಾಡಿ, ಮುಂದಿನ ವರ್ಷ ನೋಡುವ."

ಅವರ ನಗು ನಿಂತಿತು. ಹೆಗಲಿನಿಂದ ಜಾರುತ್ತಿದ್ದ ಝಿಯಾದನನ್ನು ಮೇಲಕ್ಕೆ ಸರಿಸಿಕೊಂಡರು.

"ಮುಂದಿನ ವರ್ಷ ಇವನಿಗೆ ಐದು," ಎಂದರು. "ಆಗಲಿ. ನಿನಗೆ ಸರಿ ಕಂಡದ್ದು ಮಾಡು," ಎಂದು ಸೇರಿಸಿ, ಮಗನಿಗೆ ಊಟ ಮಾಡಿಸಲು ಎದ್ದರು. ಜಗಳವಾಡಿದ್ದರೆ ನನಗೆ ಅನುಕೂಲವಿತ್ತು, ಉತ್ತರಗಳು ಸಿದ್ಧವಿದ್ದವು.

ಗುರುವಾರ ಬೆಳಿಗ್ಗೆ ಏಳು ಗಂಟೆಗೇ, ಮೊದಲ ಕರ್ತವ್ಯವೆಂದು, ಆಯಿಶತರಲ್ಲಿ ಕ್ಷಮೆ ಕೇಳಲು ಹೋದೆ. ಹುಡುಗನೂ ಇಲ್ಲ, ಮದುವೆಯೂ ಇಲ್ಲ, ಇಲ್ಲಿ ನಿಲ್ಲಬೇಕೋ ಬೇಡವೋ ಎಂದು ತಿಳಿಯುವುದಷ್ಟೇ ನನ್ನ ಉದ್ದೇಶವಾಗಿತ್ತೆಂದು ವಿವರಿಸಿದೆ.

"ಸುಳ್ಳು ಹೇಳ್ಬೇಡ ಮಾರಾಯ್ತಿ," ಎಂದರು ಅವರು. "ನೀನು ನಿಲ್ಲುವುದು ನಮಗೆಲ್ಲ ಗೊತ್ತುಂಟು. ಅದು ನಿಶ್ಚಯ ಆದ ಮೇಲೂ ಮನೆಮನೆಗೆ ಹೋಗಿ ಕೇಳ್ತಾಳಲ್ಲ, ಹಾಗಾದ್ರೆ ಇವಳು ಬಂದದ್ದು ಹೆಣ್ಣು ನೋಡ್ಲಿಕ್ಕೇ ಅಂತ ನಾವು ತಿಳಿದದ್ದು."

"ನಿಲ್ತೇನೆ ಅಂತ ನಾನು ಯಾರಿಗೂ ಹೇಳಲಿಲ್ಲ."

"ಹೇಳ್ಬೇಕಾ? ಗೋಡೆಗೆ ಮೊಳೆ ಹೊಡೀಲಿಕ್ಕೆ ಮಾಲಿಕ ಬಿಡ್ತಾನಾ ಅಂತ ಕೇಳಿದ್ದು ಯಾರು? ಊರಿಗೆ ಹೋಗುವವಳಿಗೆ ಮೊಳೆ ಎಂತಕ್ಕೆ?"

ಇದು ಗಂಭೀರ ಆರೋಪ. ಪರಿಶೀಲಿಸಲೆಂದು ಕೆಳಗಿಳಿದು ಧ್ವನಿಮುದ್ರಣವನ್ನು ಹಚ್ಚಿದೆ. ಮಾಹಿತಿದಾರರ ಉತ್ತರಗಳನ್ನೆಲ್ಲ ಮುಂದಕ್ಕೆ ಓಡಿಸಿ, ಇದೇ ಮೊದಲ ಬಾರಿಗೆ, ಸಂದರ್ಶಕಿಯ ಮಾತುಗಳನ್ನು ಮಾತ್ರ ಕೇಳಿದೆ.

ಮೂರನೆಯ ಸಂದರ್ಶನದಲ್ಲಿ ಆಕೆ ಒಂಟಿತನದ ಪ್ರಶ್ನೆಗೆ ಉತ್ತರ ಬರುವ ಮೊದಲೇ, "ಈ ಪರದೆ ಎಲ್ಲಿಂದ ತಂದದ್ದು? ನಮ್ಮ ಮನೆಯ ಕಿಟಕಿಗೆ ಬೆಳಗಿನ ಬಿಸಿಲು ನೇರ ಬರ್ತದೆ," ಎನ್ನುತ್ತಾಳೆ. ಐದನೆಯದರಲ್ಲಿ, "ಏಪ್ರಿಲ್‌ನಲ್ಲಿ ಕೆ.ಜಿ. ಮಕ್ಕಳ ಬಸ್ಸು ನಮ್ಮ ಗಲ್ಲಿಯ ಒಳಗೆ ಬರ್ತದಾ, ಅಲ್ಲ ನಾವೇ ಮುಖ್ಯ ರಸ್ತೆಗೆ ಹೋಗ್ಬೇಕಾ?" ಬೀಫಾತಿಮಾ ಮಾಮಿಯ ಮುಂದೆ, ಯಾರೂ ಕೇಳದೆ, ಉಳಿದ ಹತ್ತೊಂಬತ್ತು ಅಜ್ಜಿಯರನ್ನು ನವೆಂಬರಿನಿಂದ ಮಾರ್ಚ್ ಒಳಗೆ ವಾರಕ್ಕೆ ಒಬ್ಬರಂತೆ ಮುಗಿಸುವ ಯೋಜನೆಯನ್ನು ಆಕೆ ಆರು ನಿಮಿಷ ವಿವರಿಸುತ್ತಾಳೆ. "ನಮ್ಮ ಮನೆ" ಎಂಬ ಪ್ರಯೋಗ ಒಟ್ಟು ಮೂವತ್ತೊಂದು ಬಾರಿ. ಅದರಲ್ಲಿ ಮಂಗಳೂರಿನ ಮನೆಯನ್ನು ಕುರಿತದ್ದು ಎರಡು.

ಗಡಿಯಾರ ಹನ್ನೊಂದೂ ಕಾಲು ತೋರಿಸುತ್ತಿತ್ತು. ಪತಿಗೆ ಫೋನು ಮಾಡಿದೆ.

"ಮಂದೂಬ ಹೊರಟನಾ?"

"ಇಲ್ಲ, ಎದುರಿಗೇ ಕೂತಿದ್ದಾನೆ. ನಾಲ್ಕನೇ ಚಹಾ ಕುಡೀತಾ ಇದ್ದಾನೆ," ಎಂದರು. "ಬೆಳಿಗ್ಗೆಯಿಂದ ಬಿಟ್ಟಿಲ್ಲ ನಾನು."

"ಅರ್ಜಿ ಕೊಡಿ."

ಅತ್ತ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು.

"ಆಧಾರ ಸಿಕ್ಕಿತಾ?"

"ಒಬ್ಬ ಮಾಹಿತಿದಾರಳ ಹೇಳಿಕೆ ಸಿಕ್ಕಿದೆ," ಎಂದೆ. "ವಿಪರೀತ ಮಾತಿನವಳು, ಅಷ್ಟು ನಂಬುವ ಹಾಗಿಲ್ಲ. ಆದರೆ ಬೇರೆ ಯಾರೂ ಸಿಗಲಿಲ್ಲ."

"ಆ ಮಾಹಿತಿದಾರಳಿಗೆ ಸಲಾಂ ಹೇಳು," ಎಂದು ಅವರು ಫೋನು ಇಟ್ಟರು. ಇಡುವ ಮೊದಲು ಮೂಗು ಒರೆಸಿಕೊಂಡ ಸದ್ದು ಕೇಳಿತು, ಆಫೀಸಿನ ಎ.ಸಿ. ಬಹಳ ತಂಪು.

ಇಷ್ಟು ಮಹತ್ವದ ನಿರ್ಣಯವನ್ನು, ಅದರಿಂದ ಅತಿ ಹೆಚ್ಚು ಬಾಧಿತನಾಗುವ ವ್ಯಕ್ತಿಗೆ ತಕ್ಕ ಗಾಂಭೀರ್ಯದಿಂದ ತಿಳಿಸುವುದು ನನ್ನ ಧರ್ಮ. ಝಿಯಾದ್ ನೆಲದ ಮೇಲೆ ಆಟಿಕೆಯ ಲಾರಿಯನ್ನು ಸೋಫಾದಡಿ ನುಗ್ಗಿಸುತ್ತಿದ್ದ. ಅವನೆದುರು ಮಂಡಿಯೂರಿ ಕುಳಿತು, ಎರಡೂ ಭುಜಗಳನ್ನು ಹಿಡಿದುಕೊಂಡೆ.

"ಮೋನೆ, ತುಂಬ ಯೋಚನೆ ಮಾಡಿ ಉಮ್ಮ ಇವತ್ತು ಒಂದು ತೀರ್ಮಾನ ಮಾಡಿದ್ದಾಳೆ. ನಾವು ಉಪ್ಪನ ಜೊತೆ ಇಲ್ಲಿಯೇ ಇರುವುದು."

"ಗೊತ್ತುಂಟು," ಎಂದ, ಲಾರಿಯಿಂದ ಕಣ್ಣು ತೆಗೆಯದೆ. "ಕೆಳಗಿನ ಅಂಗಡಿಯ ಕಾಕ ಹೇಳಿದ್ರು."

"ಯಾವಾಗ?"

"ಅವತ್ತು. ನೀನು ದೊಡ್ಡ ಅಕ್ಕಿ ಗೋಣಿ ತಗೊಂಡಾಗ."

ಅಕ್ಕಿ ತರಿಸಿದ್ದು ನಾನು ಬಂದ ಎರಡನೆಯ ವಾರ.