ಸೀಮೆ ದಾಟಿದ ಸೀಮೆಬದನೆ

"ಬಳ್ಳಿ ಅಂದ್ರೆ ಹೇಳಿದ ಕಡೆ ಹಬ್ಬಬೇಕು! ಈ ಮನೆಗೆ ಯಜಮಾನ ನಾನೋ, ನೀನೋ?" ಎಂದು ಹರ್ಕಧನ್ ರಾಯ್ ತನ್ನ ಸೀಮೆಬದನೆಯ ಕುಡಿಗೆ ಬೆರಳು ತೋರಿಸಿ ಎಚ್ಚರಿಕೆ ಕೊಟ್ಟ.

ಕರ್ಸಿಯಾಂಗಿನ ಆ ಇಳಿಜಾರಿನಲ್ಲಿ ಅವನ ಅಂಗಳಕ್ಕೂ ಪಕ್ಕದ ಮನೆಯ ಸುಕ್ಮಿತ್ ದಿದಿಯ ಅಂಗಳಕ್ಕೂ ನಡುವೆ ಇದ್ದದ್ದು ಒಂದು ಸಾಲು ಕಲ್ಲು. ಬೇರು ಯಾರದೇ ಇರಲಿ, ಕಾಯಿ ತೂಗಿದ ಅಂಗಳದವರಿಗೇ ಸೇರಬೇಕು. ಅದು ಓಣಿಯ ಕಾನೂನು. ಬಳ್ಳಿಯೋ, ಅವನು ಕಟ್ಟಿದ ಬಿದಿರಿನ ಚಪ್ಪರವನ್ನು ಮೂಸಿಯೂ ನೋಡದೆ, ಬಿಸಿಲಿರುವ ದಿದಿಯ ಕಡೆಗೇ ಕತ್ತು ಚಾಚುತ್ತಿತ್ತು! ಇತ್ತ "ಈ ಸಲ ನಮ್ಮ ಬಳ್ಳಿಯ ಕಾಯೇ ತಿನ್ನಿಸ್ತೀನಿ, ಆಮಾ" ಎಂದು ಅತ್ತೆಗೆ ಮಾತು ಕೊಟ್ಟಾಗಿತ್ತು. ಅತ್ತೆ ಮಧ್ಯಾಹ್ನದ ಜೀಪಿಗೆ ಬರುವವಳಿದ್ದಳು.

ಕಾಯಿ ಬಿಟ್ಟಿದ್ದ ಒಂದೇ ಕುಡಿಯನ್ನು ಅವನು ಮೆಲ್ಲಗೆ ಈಚೆ ಎಳೆದುಕೊಂಡು, ಬೆತ್ತದ ಪೀಠದ ಮೇಲೆ ಕೂತ.

"ದಾರ ಕಟ್ಟಿದ್ರೆ ಆಯ್ತಪ್ಪ" ಎಂದಳು ಹೆಂಡತಿ ಮನಮಾಯಾ.

"ಛೆ! ಪ್ರೀತಿಯಿಂದ ಕಲಿಸಿದ್ರೆ ಎಂಥದ್ದೂ ಕಲೀತದೆ."

"ಹೌದಾ? ಮದುವೆಯಾದಾಗಿಂದ ನಾನೂ ನಿಮಗೆ ಕಲಿಸ್ತಾನೇ ಇದೀನಿ."

ಕಣಿವೆಯಿಂದ ಮಂಜು ಎದ್ದಿತು. ಚಹಾ ತೋಟ ಅಳಿಸಿಹೋಯಿತು, ಆಮೇಲೆ ರಸ್ತೆ, ಆಮೇಲೆ ಅವನ ಮನೆ. ಉಳಿದದ್ದು ಒಂದು ತುಂಡು ಬಿಸಿಲು. ಹರ್ಕಧನ್ ಕುಡಿಯ ಸಮೇತ ಪೀಠ ಸರಿಸಿಕೊಂಡ. ಬಿಸಿಲು ಸರಿಯಿತು, ಅವನೂ ಸರಿದ. ಮರೆತ ಹೆಸರನ್ನು ಹುಡುಕುವವರ ಹಾಗೆ ಬಳ್ಳಿಯ ತುದಿ ಗಾಳಿಯಲ್ಲಿ ನಿಧಾನವಾಗಿ ಸುತ್ತುತ್ತಿತ್ತು. ಅದನ್ನೇ ನೋಡುತ್ತ ಅವನ ಕಾಲ್ಬೆರಳುಗಳು ಮಣ್ಣಿಗಿಳಿದವು, ಬೋಳುತಲೆ ಚಿಗುರಿತು. ಯಾರೋ ಕಿವಿ ಸವರಿದರು. 'ಮನಮಾಯಾ! ಎಷ್ಟು ವರ್ಷವಾಯಿತು!' ಎಂದು ನಿದ್ದೆಯಲ್ಲೇ ನಾಚಿಕೊಂಡ.

ಎಚ್ಚರವಾದಾಗ ಕಿವಿ, ಕನ್ನಡಕ, ಅಂಗಿಯ ಗುಂಡಿ ಎಲ್ಲಕ್ಕೂ ಹಸಿರು ಸುರುಳಿ!

"ಮನಮಾಯಾ! ಇದು ನನ್ನನ್ನ ಹಿಡ್ಕೊಂಡ್ಬಿಟ್ಟಿದೆ!"

"ಅಲ್ಲಾಡಬೇಡಿ, ಕಾಯಿ ಉದುರುತ್ತೆ!"

"ನನ್ನ ಕಿವಿ?"

"ಇನ್ನೊಂದಿದೆಯಲ್ಲ!"

ಅಷ್ಟರಲ್ಲಿ ಅತ್ತೆ ಮಂಜು ಸೀಳಿಕೊಂಡು ಬಂದಳು. ಹರ್ಕಧನ್ ಎದೆಯುಬ್ಬಿಸಿದ, ಎದೆಯ ಮೇಲೆ ಕಾಯಿ ತೂಗಿತು. "ನೋಡಿ ಆಮಾ! ದಿದಿ ಕಡೆಗೆ ಓಡ್ತಿತ್ತು, ನಾನು ತಡೆದೆ!"

ಅತ್ತೆ ಅಳಿಯನನ್ನು ನೋಡಿದಳು. ಅವನ ಬೆನ್ನ ಹಿಂದೆ ಬಹುದೂರ ಉಳಿದಿದ್ದ ಕಲ್ಲಿನ ಸಾಲನ್ನು ನೋಡಿದಳು. ಆಮೇಲೆ, ತನ್ನದೇ ಅಂಗಳದ ನಟ್ಟನಡುವೆ ಚಿಗುರಿ ಕೂತವನನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದ ಸುಕ್ಮಿತ್ ದಿದಿಯತ್ತ ತಿರುಗಿದಳು.

"ಕಾನೂನು ಕಾನೂನೇ ಕಣಮ್ಮ. ಕಾಯೂ ನಿಂದು, ಅಳಿಯನೂ ನಿಂದು."

"ನಂಗೆ ಕಾಯಿ ಸಾಕು, ಆಮಾ" ಎಂದಳು ದಿದಿ ಗಾಬರಿಯಿಂದ.

ಮನಮಾಯಾ ಆಗಲೇ ಒಳಗೆ ಹೊರಟಿದ್ದಳು. "ಹೆದರಬೇಡಿ ದಿದಿ. ಬಿಸಿಲು ಇಳಿದ ಮೇಲೆ ಅವರೇ ಈ ಕಡೆ ಬಾಗ್ತಾರೆ."